ಮರುಬಿಗಿ

ಇಂಥ ಅನುಭವಗಳನ್ನು ಬರೆಯುವವರೆಲ್ಲ ಮೊದಲಿಗೆ, ತಾವು ಇದನ್ನೆಲ್ಲ ನಂಬುವವರಲ್ಲ ಎಂದು ಹೇಳಿಕೊಳ್ಳುತ್ತಾರೆ. ಅದನ್ನು ಓದಿ ನಾನು ಎಷ್ಟೋ ಸಲ ನಕ್ಕಿದ್ದೇನೆ. ನಂಬದಿದ್ದವನು ಬರೆಯಲು ಯಾಕೆ ಕೂತ ಎಂದು ಹೆಂಡತಿಯ ಹತ್ತಿರ ಗೇಲಿ ಮಾಡಿದ್ದೂ ಉಂಟು. ಈಗ ನಾನೇ ಪೆನ್ನು ಹಿಡಿದು ಕೂತಿದ್ದೇನೆ, ನನಗೂ ಬೇರೆ ರೀತಿಯಲ್ಲಿ ಶುರು ಮಾಡಲು ಗೊತ್ತಾಗುತ್ತಿಲ್ಲ.

ನಾನು ಮೋಟರು ರಿಪೇರಿ ಮಾಡುವವನು. ಕೊಪ್ಪದಲ್ಲಿ ನನ್ನದೊಂದು ಸಣ್ಣ ವೈಂಡಿಂಗ್ ಅಂಗಡಿ ಇದೆ. ಸುಟ್ಟುಹೋದ ಪಂಪ್‌ಸೆಟ್ಟುಗಳು ಬರುತ್ತವೆ, ಬಿಚ್ಚುತ್ತೇನೆ, ತಂತಿ ಸುತ್ತುತ್ತೇನೆ, ತಿರುಗಿಸಿ ನೋಡಿ ಕೊಡುತ್ತೇನೆ. ಅಂಗಡಿಗೆ ತರಲಾಗದಂಥವನ್ನು ನಾನೇ ಕಾರಿನಲ್ಲಿ ಹೋಗಿ ನೋಡಿ ಬರುತ್ತೇನೆ. ಈ ಕೆಲಸ ಮಾಡುವವನಿಗೆ ದೆವ್ವ, ಭೂತ, ಗಾಳಿ ಸೋಕುವುದು ಇವುಗಳ ಮೇಲೆ ನಂಬಿಕೆ ಬರುವುದು ಕಷ್ಟ. ಮೋಟರು ನಿಂತಿದೆ ಎಂದರೆ ಕಾಯಿಲ್ ಸುಟ್ಟಿರುತ್ತದೆ, ಬೇರಿಂಗ್ ಹಿಡಿದಿರುತ್ತದೆ, ಅದೂ ಅಲ್ಲದಿದ್ದರೆ ಮೋಟರಿನ ಯಜಮಾನ ಸುಳ್ಳು ಹೇಳುತ್ತಿರುತ್ತಾನೆ. ಕಾರಣವೇ ಇಲ್ಲದೆ ನಿಂತ ಮೋಟರನ್ನು ನಾನು ಇವತ್ತಿನವರೆಗೂ ನೋಡಿಲ್ಲ. ಆದ್ದರಿಂದ ತಿರುವಿನಲ್ಲಿ ಬಿಳಿ ಸೀರೆ ಕಂಡವರನ್ನು, ಸೇತುವೆ ಮೇಲೆ ಯಾರೋ ಕೈ ಅಡ್ಡ ಹಾಕಿದರು ಎನ್ನುವವರನ್ನು ಕಂಡರೆ ನನಗೆ ತಮಾಷೆ. ಎಷ್ಟು ಕುಡಿದಿದ್ದೆ ಎಂದು ಮುಖಕ್ಕೇ ಕೇಳುತ್ತಿದ್ದೆ.

ನಾನು ಹೇಳಹೊರಟಿರುವುದರಲ್ಲಿ ಬಿಳಿ ಸೀರೆ ಇಲ್ಲ. ಹೆದರಿಕೆಯೂ ಇಲ್ಲ. ರಾತ್ರಿಯಲ್ಲ, ಸುಡುಸುಡು ಬಿಸಿಲಿನ ಮಧ್ಯಾಹ್ನ. ಕಂಡದ್ದು ಒಂದು ಸ್ಪ್ಯಾನರು, ಅಷ್ಟೆ. ಆದರೆ ಅದನ್ನು ಹೇಳಬೇಕಾದರೆ ಮೊದಲು ನನ್ನ ಅಣ್ಣನ ವಿಷಯ ಹೇಳಬೇಕು.

ಅಣ್ಣ ನಾಗೇಶ ಕೊಪ್ಪದಲ್ಲಿ ಟ್ಯಾಕ್ಸಿ ಓಡಿಸುತ್ತಿದ್ದ. ಸ್ವಂತ ಕಾರು. ಶೃಂಗೇರಿಗೆ ಬಂದ ಯಾತ್ರಿಕರನ್ನು ಉಡುಪಿ, ಕೊಲ್ಲೂರು, ಹೊರನಾಡು ಎಂದು ಸುತ್ತಿಸಿ ತರುವುದು ಅವನ ಮುಖ್ಯ ಬಾಡಿಗೆ. ಸ್ಟ್ಯಾಂಡಿನಲ್ಲಿ ಅವನಿಗೆ ಒಂದು ಹೆಸರಿತ್ತು, ನಟ್ಟು ನಾಗೇಶ ಅಂತ. ಅದು ಹೊಗಳಿಕೆಯಾಗಿರಲಿಲ್ಲ. ಚಕ್ರದ ನಟ್ಟುಗಳ ವಿಷಯದಲ್ಲಿ ಅವನು ಮಡಿವಂತ. ಪಂಚರ್ ಆಗಿ ಸ್ಟೆಪ್ನಿ ಹಾಕಿದರೂ ಸರಿ, ಟೈರಿನ ಅಂಗಡಿಯಲ್ಲಿ ಯಂತ್ರ ಇಟ್ಟು ಬಿಗಿ ಮಾಡಿಸಿದರೂ ಸರಿ, ಅಷ್ಟಕ್ಕೇ ಅವನಿಗೆ ಸಮಾಧಾನವಿಲ್ಲ. ಸ್ವಲ್ಪ ದೂರ ಗಾಡಿ ಓಡಿಸಿ, ಚಕ್ರ ರಸ್ತೆಗೆ ಹೊಂದಿಕೊಂಡ ಮೇಲೆ ಒಂದು ಕಡೆ ನಿಲ್ಲಿಸಿ, ಎಲ್ಲ ನಟ್ಟುಗಳನ್ನೂ ಎದುರುಬದುರಾಗಿ ಇನ್ನೊಮ್ಮೆ ಎಳೆದು ನೋಡಬೇಕು. ಇದಕ್ಕೆ ಅವನೇ ಇಟ್ಟುಕೊಂಡ ಹೆಸರು ಮರುಬಿಗಿ. ಬೇರೆ ಯಾರೂ ಆ ಮಾತನ್ನು ಆಡಿದ್ದನ್ನು ನಾನು ಕೇಳಿಲ್ಲ.

ಮರೆಯಬಾರದೆಂದು ಅವನು ಒಂದು ಉಪಾಯ ಮಾಡಿಕೊಂಡಿದ್ದ. ಹೆಂಗಸರು ಸೆರಗಿಗೆ ಗಂಟು ಹಾಕಿಕೊಳ್ಳುತ್ತಾರಲ್ಲ, ಹಾಗೆ. ಮರುಬಿಗಿ ಆಗುವತನಕ ಸ್ಪ್ಯಾನರು ಡಿಕ್ಕಿಗೆ ಹೋಗುವಂತಿಲ್ಲ. ಗಾಡಿ ಓಡಿಸುವಾಗ ಕಾಲ ಹತ್ತಿರ ಇರುತ್ತಿತ್ತು. ಚಹಾಕ್ಕೋ ಮತ್ತೆಂತಕ್ಕೋ ಇಳಿದರೆ ಡ್ರೈವರ್ ಸೀಟಿನ ಮೇಲೆ ಹಳೆಯ ಲುಂಗಿಯ ತುಂಡನ್ನು ನಾಲ್ಕು ಮಡಿಕೆ ಮಾಡಿ ಹಾಸಿ, ಅದರ ಮೇಲೆ ಸ್ಪ್ಯಾನರನ್ನು ಅಡ್ಡಲಾಗಿ ಇಡುತ್ತಿದ್ದ. ಬಂದು ಕೂರಬೇಕಾದರೆ ಅದನ್ನು ಎತ್ತಲೇಬೇಕು. ಎತ್ತಿದರೆ ನೆನಪಾಗಲೇಬೇಕು. ಮರುಬಿಗಿ ಮುಗಿದ ಮೇಲೆ ಅದೇ ಬಟ್ಟೆಯಲ್ಲಿ ಸುತ್ತಿ ಡಿಕ್ಕಿಗೆ ಹಾಕುವನು. ಆ ಸ್ಪ್ಯಾನರೂ ಅಂಗಡಿಯದ್ದಲ್ಲ. ಕಾರಿನ ಜೊತೆ ಬಂದದ್ದಕ್ಕೆ ವೆಲ್ಡಿಂಗಿನವನ ಹತ್ತಿರ ಒಂದು ಪೈಪಿನ ತುಂಡು ಸೇರಿಸಿ ಉದ್ದ ಮಾಡಿಸಿಕೊಂಡಿದ್ದ. ಬೆಸುಗೆ ಸ್ವಲ್ಪ ಓರೆಯಾಗಿತ್ತು. ಎಲ್ಲಿ ಕಂಡರೂ ಅದು ಅಣ್ಣನದ್ದೆಂದು ಹೇಳಬಹುದಿತ್ತು.

ಸೀಟಿನ ಮೇಲೆ ಸ್ಪ್ಯಾನರು ಇಡುವ ಈ ಪದ್ಧತಿ ಮನೆಯವರಿಗೆ ಗೊತ್ತಿತ್ತೇ ಹೊರತು ಸ್ಟ್ಯಾಂಡಿನವರಿಗೆ ಅಷ್ಟಾಗಿ ಗೊತ್ತಿರಲಿಲ್ಲ. ನೋಡಿದವರೂ ಮರೆತು ಇಟ್ಟಿದ್ದಾನೆ ಅಂದುಕೊಂಡಿರಬೇಕು. ಅತ್ತಿಗೆಯಂತೂ ಅಂಗಳದಲ್ಲಿ ನಿಂತ ಕಾರಿನೊಳಗೆ ಇಣುಕಿ ನೋಡಿ, “ನೀವು ಅದನ್ನೇ ಮದ್ವೆ ಆಗಿದ್ರೆ ಆಗ್ತಿತ್ತು” ಎಂದು ರೇಗಿಸುತ್ತಿದ್ದರು.

ಅಂಥ ಮನುಷ್ಯ ಸತ್ತದ್ದು ಚಕ್ರ ಕಳಚಿ.

ಹಿಂದಿನ ಸಂಜೆ ಕೊಪ್ಪದಲ್ಲಿ ಹೊಸ ಟೈರು ಹಾಕಿಸಿದ್ದ. ಬೆಳಿಗ್ಗೆ ಖಾಲಿ ಗಾಡಿಯಲ್ಲಿ ಶೃಂಗೇರಿಗೆ ಹೋಗಿ, ಲಾಡ್ಜಿನಿಂದ ಹೊರಗಿನ ಊರಿನ ಒಂದು ಸಂಸಾರವನ್ನು ಹತ್ತಿಸಿಕೊಂಡು ಉಡುಪಿಗೆಂದು ಹೊರಟಿದ್ದಾನೆ. ನೆಮ್ಮಾರ್ ದಾಟಿ ಕಾಡಿನ ತಿರುವಿನಲ್ಲಿ ಹಿಂದಿನ ಎಡ ಚಕ್ರ ಬಿಚ್ಚಿಕೊಂಡು, ಕಾರು ಇಳಿಜಾರಿಗೆ ಹೋಗಿ ಮರಕ್ಕೆ ಬಡಿಯಿತು. ಅಣ್ಣ ಅಲ್ಲೇ ಹೋದ. ಹಿಂದೆ ಕೂತಿದ್ದ ಹೆಂಗಸಿನ ಕಾಲು ಮುರಿಯಿತು. ಉಳಿದವರಿಗೆ ಹೆಚ್ಚೇನೂ ಆಗಲಿಲ್ಲ.

ಆಮೇಲೆ ಶುರುವಾಯಿತು ಮಾತು. ಟೈರಿನ ಅಂಗಡಿಯವರು ತಾವು ಸರಿಯಾಗಿ ಬಿಗಿ ಮಾಡಿ ಕಳಿಸಿದ್ದಾಗಿಯೂ, ಓಡಿಸಿದ ಮೇಲೆ ನೋಡಿಕೊಳ್ಳಿ ಎಂದು ಹೇಳಿದ್ದಾಗಿಯೂ ದೇವರಾಣೆ ಮಾಡಿದರು. ಮಹಜರಿಗೆ ಬಂದ ಪೊಲೀಸರು ಡಿಕ್ಕಿ ತೆಗೆದರು. ಸ್ಪ್ಯಾನರು ಬಟ್ಟೆಯೊಳಗೆ ಅಚ್ಚುಕಟ್ಟಾಗಿ ಸುತ್ತಿಕೊಂಡು ಮಲಗಿತ್ತು. ಸುತ್ತ ನಿಂತವರೆಲ್ಲ ನೋಡಿದರು. ನೋಡಿ, ಹೊರಗೇ ತೆಗೆದಿಲ್ಲ, ನಟ್ಟು ಮುಟ್ಟಿಯೂ ನೋಡಿಲ್ಲ ಎಂದು ತೀರ್ಪು ಕೊಟ್ಟರು. ನಾನು ಅಲ್ಲೇ ಕೂಗಾಡಿದೆ. ಸ್ಪ್ಯಾನರು ಬಟ್ಟೆಯೊಳಗೆ ಇದೆ ಅಂದರೆ ಮರುಬಿಗಿ ಮುಗಿದಿದೆ ಎಂದರ್ಥ, ಇಲ್ಲದಿದ್ದರೆ ಅದು ಮುಂದೆ ಇರಬೇಕಿತ್ತು ಎಂದೆ. ಪೊಲೀಸಿನವರೊಬ್ಬರು ಹೆಗಲ ಮೇಲೆ ಕೈ ಇಟ್ಟು, “ಆಯ್ತು ಬಿಡಪ್ಪ, ನಿನ್ನ ದುಃಖ ಗೊತ್ತಾಗುತ್ತೆ” ಅಂದರು. ನನಗೆ ಬೇಕಾಗಿದ್ದದ್ದು ಅದಲ್ಲ. ಜಗತ್ತಿಗೆ ಸೋಮಾರಿತನದ ಗುರುತಾಗಿ ಕಂಡದ್ದು ನಮ್ಮ ಮನೆಯ ಮಟ್ಟಿಗೆ ಅಣ್ಣನ ಶಿಸ್ತಿನ ಗುರುತಾಗಿತ್ತು. ಇದನ್ನು ಯಾರಿಗೂ ಅರ್ಥ ಮಾಡಿಸಲು ನನ್ನಿಂದ ಆಗಲಿಲ್ಲ.

ನಮ್ಮ ಹತ್ತಿರ ಇನ್ನೊಂದು ಸಾಕ್ಷಿ ಇತ್ತು. ಆ ಬೆಳಿಗ್ಗೆ ಅತ್ತಿಗೆ ಫೋನು ಮಾಡಿ, ಶೃಂಗೇರಿಯಿಂದ ಹೊರಟ್ರಾ ಎಂದು ಕೇಳಿದ್ದರು. ಅವನು, “ಹ್ಞೂಂ, ಮರುಬಿಗಿ ಮಾಡ್ಕಂಡು ಹೊರಟೆ, ಆಮೇಲೆ ಮಾತಾಡ್ತೀನಿ” ಅಂದಿದ್ದ. ಅದೇ ಅವನ ಕೊನೆಯ ಮಾತು. ಮರುಬಿಗಿ ಮಾಡಿಕೊಂಡೇ ಹೊರಟಿದ್ದಾನೆ ಎನ್ನಲು ಇದಕ್ಕಿಂತ ಹೆಚ್ಚಿಗೆ ಏನು ಬೇಕು? ಹಾಗಾದರೆ ಚಕ್ರ ಯಾಕೆ ಕಳಚಿತು ಎಂದು ಕೇಳಿದವರಿಗೆ ನಾನು ಉತ್ತರ ತಯಾರು ಮಾಡಿಟ್ಟುಕೊಂಡಿದ್ದೆ. ಬೋಲ್ಟು ತುಂಡಾಗಿರಬಹುದು, ಡಿಸ್ಕು ಬಿರುಕು ಬಿಟ್ಟಿರಬಹುದು. ಪರೀಕ್ಷೆ ಮಾಡಿಸೋಣ ಎಂದು ಓಡಾಡಿದೆ. ಯಾರಿಗೂ ಪುರಸೊತ್ತಿರಲಿಲ್ಲ. ನಜ್ಜುಗುಜ್ಜಾದ ಕಾರು ಕೊನೆಗೆ ಗುಜರಿಗೆ ಹೋಯಿತು, ಅದರ ಜೊತೆ ಬೋಲ್ಟುಗಳೂ ಹೋದವು. ಸತ್ತವನ ತಲೆಗೆ ಕಟ್ಟುವುದು ಎಲ್ಲರಿಗೂ ಸುಲಭ. ಅವನು ತಿರುಗಿ ಮಾತಾಡುವುದಿಲ್ಲ.

ಅತ್ತಿಗೆಗೆ ಮಕ್ಕಳಿಲ್ಲ. ಕೊಪ್ಪದಲ್ಲೇ ನಮ್ಮ ಮನೆಯಿಂದ ನಾಲ್ಕು ಹೆಜ್ಜೆ ಆಚೆ ಒಂದು ಬಾಡಿಗೆ ಮನೆಯಲ್ಲಿ ಹೊಲಿಗೆ ಹಾಕಿಕೊಂಡು ಇದ್ದಾರೆ. ಬ್ಲೌಸು ಹೊಲಿಸಲು ಬಂದವರು ಅಳತೆ ಕೊಡುತ್ತ ನಿಂತು, “ಅಷ್ಟು ಒಳ್ಳೆ ಮನುಷ್ಯ, ಪಾಪ, ಒಂದು ಗಳಿಗೆ ಮರೆತ್ರಲ್ಲ” ಎಂದು ಲೊಚಗುಟ್ಟುತ್ತಾರೆ. ಅತ್ತಿಗೆ ಅಳುವವರಲ್ಲ. ಒಂದು ದಿನ ನನ್ನ ಹತ್ತಿರ ಹೇಳಿದರು: “ಹೋದ್ರು ಅನ್ನೋದನ್ನ ಹೆಂಗೋ ಸಹಿಸ್ಕಂಡೆ ಮಾರಾಯ. ಮರೆತ್ರು ಅನ್ನೋದು ಮಾತ್ರ ನಂಗೆ ಕೇಳಕ್ಕಾಗಲ್ಲ. ಅದೊಂದನ್ನ ಯಾರೂ ಅನ್ನದ ಹಂಗೆ ನೋಡ್ಕ.”

ನೋಡಿಕೊಂಡೆ. ಅಂಗಡಿಯಲ್ಲಿ, ಮದುವೆ ಮನೆಯಲ್ಲಿ, ಬಸ್ಸಿನಲ್ಲಿ, ಎಲ್ಲೇ ಯಾರಾದರೂ ಅಣ್ಣನ ಹೆಸರೆತ್ತಿ ನಟ್ಟಿನ ವಿಷಯ ತೆಗೆದರೆ ನಾನು ಬಿಡುತ್ತಿರಲಿಲ್ಲ. ಸ್ಪ್ಯಾನರಿನ ಕತೆ, ಫೋನಿನ ಮಾತು, ಬೋಲ್ಟು, ಡಿಸ್ಕು ಎಲ್ಲವನ್ನೂ ಒಪ್ಪಿಸುತ್ತಿದ್ದೆ. ಎಷ್ಟೋ ಜನರ ಜೊತೆ ಮಾತು ಬಿಟ್ಟೆ. ಇವನ ಹತ್ತಿರ ಆ ಸುದ್ದಿ ತೆಗೆಯಬೇಡಿ ಮಾರಾಯ್ರೆ, ಎಂದು ಜನ ಒಬ್ಬರಿಗೊಬ್ಬರು ಕಣ್ಸನ್ನೆ ಮಾಡಿಕೊಳ್ಳುವಷ್ಟಾಯಿತು. ಅತ್ತಿಗೆಗೆ ಅದೇ ಒಂದು ಧೈರ್ಯ. ಪೊಲೀಸರು ವಾಪಸು ಕೊಟ್ಟ ಸ್ಪ್ಯಾನರನ್ನು ಅವರು ನನ್ನ ಕೈಗೇ ಕೊಟ್ಟರು. ನಾನು ಅದನ್ನು ಬಟ್ಟೆ ಸಮೇತ ನನ್ನ ಕಾರಿನ ಡಿಕ್ಕಿಯಲ್ಲಿ ಇಟ್ಟುಕೊಂಡೆ. ಉಪಯೋಗಿಸಲು ಮನಸ್ಸಾಗಲಿಲ್ಲ, ಎಸೆಯಲೂ ಆಗಲಿಲ್ಲ.

ಇದಾಗಿ ಕೆಲವು ವರ್ಷಗಳ ಮೇಲೆ, ಒಂದು ಬೇಸಿಗೆಯಲ್ಲಿ, ನಾನು ಸೀತೂರಿಗೆ ಹೋಗಬೇಕಾಯಿತು. ನರಸಿಂಹರಾಜಪುರದ ಕಡೆ ನನಗೆ ಗಿರಾಕಿಗಳು ಕಡಿಮೆ. ಆದರೆ ಸೀತೂರಿನ ಒಬ್ಬರು ಗೌಡರು ಹಳೆಯ ಪರಿಚಯ. ಅವರ ಗದ್ದೆಯ ಪಂಪು ಎರಡು ದಿನದಿಂದ ನೀರೆತ್ತುತ್ತಿಲ್ಲ ಎಂದು ಹೇಳಿಕಳಿಸಿದ್ದರು. ಊಟದ ಹೊತ್ತಿಗೆ ಸ್ವಲ್ಪ ಮುಂಚೆ, ಸೀತೂರು ಇನ್ನೂ ದೂರವಿದೆ ಎನ್ನುವಾಗ ಹಿಂದಿನ ಚಕ್ರ ಪಂಚರ್ ಆಯಿತು. ಸ್ಟೆಪ್ನಿ ತೆಗೆಯಲು ಡಿಕ್ಕಿಯ ಮ್ಯಾಟು ಎತ್ತಿದಾಗ ಅಣ್ಣನ ಸ್ಪ್ಯಾನರಿನ ಗಂಟು ಅಡ್ಡ ಬಂತು. ಅದನ್ನು ಪಕ್ಕಕ್ಕೆ ಸರಿಸಿದೆ. ನನ್ನ ಕಾರಿನದೇ ಸ್ಪ್ಯಾನರಿನಿಂದ ಚಕ್ರ ಬದಲಾಯಿಸಿದೆ. ಜಾಕು ಇಳಿಸಿದ ಮೇಲೆ ಇನ್ನೊಮ್ಮೆ ಕಾಲಿನಿಂದ ಒತ್ತಿ ಬಿಗಿ ಮಾಡಿದೆ. ಪಂಚರ್ ಆದ ಚಕ್ರ, ಜಾಕು, ನನ್ನ ಸ್ಪ್ಯಾನರು ಎಲ್ಲವನ್ನೂ ಡಿಕ್ಕಿಗೆ ಹಾಕಿ, ಅಣ್ಣನ ಗಂಟನ್ನು ಮೂಲೆಗೆ ತಳ್ಳಿ ಮುಚ್ಚಿದೆ. ಮರುಬಿಗಿಯ ಯೋಚನೆ ನನಗೆ ಬರಲಿಲ್ಲ. ಅಣ್ಣನ ಪರವಾಗಿ ಊರೆಲ್ಲ ಜಗಳ ಆಡುತ್ತಿದ್ದವನು ನಾನು, ಆದರೆ ಅವನ ಪದ್ಧತಿಯನ್ನು ಯಾವತ್ತೂ ಪಾಲಿಸಿದವನಲ್ಲ. ಅದು ಅವನ ಹುಚ್ಚು ಎಂದೇ ನನ್ನ ಒಳಗಿನ ಅಭಿಪ್ರಾಯ.

ಸೀತೂರಿನಲ್ಲಿ ಗೌಡರ ಅಂಗಳದಲ್ಲಿ ಕಾರು ನಿಲ್ಲಿಸಿದೆ. ಅಲ್ಲಿ ಮಂಗಗಳ ಕಾಟ ಹೆಚ್ಚು. ಕಿಟಕಿ ಒಂದು ಬೆರಳಷ್ಟು ತೆರೆದಿದ್ದರೂ ಕೈ ಹಾಕಿ ಸಿಕ್ಕಿದ್ದನ್ನು ಎಳೆಯುತ್ತವೆ. ಅದಕ್ಕೇ ಗಾಜೆಲ್ಲ ಏರಿಸಿ, ಹಿಂದಿನ ಸೀಟಿನಿಂದ ಹತಾರದ ಚೀಲ ತೆಗೆದುಕೊಂಡು, ಲಾಕ್ ಮಾಡಿ, ಹಿಡಿಕೆ ಎಳೆದು ನೋಡಿ, ಕೀಲಿ ಅಂಗಿಯ ಜೇಬಿಗೆ ಹಾಕಿ ಗುಂಡಿ ಹಾಕಿಕೊಂಡೆ. ಇದನ್ನೆಲ್ಲ ಇಷ್ಟು ಬಿಡಿಸಿ ಹೇಳುತ್ತಿರುವುದಕ್ಕೆ ಕಾರಣವಿದೆ. ಆಮೇಲೆ ನಾನು ಇದನ್ನು ಮನಸ್ಸಿನಲ್ಲಿ ಎಷ್ಟು ಸಲ ಮಾಡಿ ನೋಡಿದ್ದೇನೆಂದರೆ ಇವತ್ತಿಗೂ ಬೆರಳಿಗೆ ಆ ಗುಂಡಿ ಸಿಗುತ್ತದೆ.

ಗೌಡರೂ ನಾನೂ ಹಳ್ಳದ ಹತ್ತಿರ ಹೋದೆವು. ಪಂಪಿಗೆ ಏನೂ ಆಗಿರಲಿಲ್ಲ, ನೀರಿನೊಳಗಿನ ಪೈಪಿನ ಬಾಯಿಗಿರುವ ಫುಟ್‌ವಾಲ್ವಿನಲ್ಲಿ ಕಸ ಸಿಕ್ಕಿಕೊಂಡಿತ್ತು. ಬಿಡಿಸಿ, ನೀರು ತುಂಬಿಸಿ, ಚಾಲೂ ಮಾಡಿ ಬರುವಷ್ಟರಲ್ಲಿ ಹೊಟ್ಟೆ ತಾಳ ಹಾಕುತ್ತಿತ್ತು. ಗೌಡರ ಹೆಂಡತಿ ಜಗಲಿಯಲ್ಲಿ ಕೂತು ಹುಣಸೆಹಣ್ಣು ಬಿಡಿಸುತ್ತಿದ್ದರು. ನಾಯಿ ಕಾರಿನ ನೆರಳಲ್ಲಿ ಮಲಗಿತ್ತು. ಕೈ ತೊಳೆಯುವ ಮೊದಲು ಚೀಲ ಇಡೋಣವೆಂದು ಲಾಕ್ ತೆಗೆದೆ.

ಡ್ರೈವರ್ ಸೀಟಿನ ಮೇಲೆ ಲುಂಗಿಯ ತುಂಡು ನಾಲ್ಕು ಮಡಿಕೆಯಾಗಿ ಹಾಸಿತ್ತು. ಅದರ ಮೇಲೆ ಅಣ್ಣನ ಸ್ಪ್ಯಾನರು ಅಡ್ಡಲಾಗಿ ಇತ್ತು.

ನಾನು ಮುಟ್ಟಲಿಲ್ಲ. ಬಾಗಿಲು ಹಿಡಿದುಕೊಂಡು ನಿಂತೆ. ನನಗೆ ಮೊದಲು ಬಂದದ್ದು ಹೆದರಿಕೆಯಲ್ಲ, ಸಿಟ್ಟು. ಯಾರೋ ನನ್ನನ್ನು ಆಡಿಕೊಳ್ಳುತ್ತಿದ್ದಾರೆ ಅನ್ನಿಸಿತು. ಗೌಡರ ಹೆಂಡತಿಯನ್ನು ಸ್ವಲ್ಪ ಜೋರಾಗಿಯೇ ಕೇಳಿದೆ, ಕಾರಿನ ಹತ್ತಿರ ಯಾರು ಬಂದಿದ್ದರು ಎಂದು. ಅವರು ಕೈ ನಿಲ್ಲಿಸಿ ನನ್ನನ್ನು ನೋಡಿದರು. “ಯಾರೂ ಬರ್ಲಿಲ್ಲಪ್ಪ. ನಾನಿಲ್ಲೇ ಕೂತಿದೀನಿ. ಬಂದಿದ್ರೆ ಈ ನಾಯಿ ಸುಮ್ನಿರ್ತಿತ್ತಾ?” ಅಂದರು. ಗೌಡರು, “ಎಂತ ಹೋಯ್ತು ಮಾರಾಯ?” ಎಂದು ಹತ್ತಿರ ಬಂದರು. ಏನೂ ಹೋಗಿಲ್ಲ ಎಂದೆ. ಅದು ನಿಜವೇ ಆಗಿತ್ತು.

ಡಿಕ್ಕಿ ತೆಗೆದು ನೋಡಿದೆ. ಗಂಟು ಇಟ್ಟ ಮೂಲೆ ಖಾಲಿ. ಮರೆವಿನಲ್ಲಿ ನಾನೇ ಸೀಟಿನ ಮೇಲೆ ಇಟ್ಟಿದ್ದೆನೇ? ಇಟ್ಟಿದ್ದರೆ ಅದರ ಮೇಲೆ ಕೂತು ಸೀತೂರಿನವರೆಗೆ ಬರಲು ಆಗುತ್ತಿರಲಿಲ್ಲ. ಇಳಿದ ಮೇಲೆ ಇಟ್ಟೆನೇ? ಇಳಿದ ಮೇಲೆ ನಾನು ಡಿಕ್ಕಿಯ ಕಡೆ ಹೋಗಿಯೇ ಇಲ್ಲ. ಗೌಡರ ಮನೆಯವರಿಗೆ ನನ್ನ ಅಣ್ಣ ಸತ್ತದ್ದೇ ಸರಿಯಾಗಿ ಗೊತ್ತಿಲ್ಲ. ಇನ್ನು ನಾಲ್ಕು ಮಡಿಕೆಯ ಲುಂಗಿಯ ವಿಷಯ ಅವರಿಗೆ ಯಾರು ಹೇಳಬೇಕು?

ಆಗ ಹೊಳೆಯಿತು, ಚಕ್ರ ನೋಡಬೇಕು. ಈಗ ತಾನೇ ಹಾಕಿದ ಚಕ್ರ. ಓಡಿಹೋಗಿ ಅಣ್ಣನ ಸ್ಪ್ಯಾನರನ್ನೇ ಎತ್ತಿಕೊಂಡೆ. ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಕಬ್ಬಿಣ ಕೈ ಸುಡುವಷ್ಟು ಕಾದಿರಬೇಕಿತ್ತಲ್ಲ, ಕಾದಿತ್ತು. ತಣ್ಣಗಿತ್ತು ಎಂದು ಬರೆದರೆ ಓದುವವರಿಗೆ ಚೆನ್ನಾಗಿರುತ್ತದೆ, ಆದರೆ ಸುಳ್ಳಾಗುತ್ತದೆ. ನಟ್ಟಿಗೆ ಹಾಕಿ ಎಳೆದೆ. ಆ ಹೊತ್ತಿನಲ್ಲಿ ನನ್ನ ಮನಸ್ಸಿನಲ್ಲಿ ಇದ್ದದ್ದನ್ನು ಮುಚ್ಚಿಡುವುದಿಲ್ಲ. ಒಂದಾದರೂ ನಟ್ಟು ಸಡಿಲ ಇರಲಿ ಎಂದು ಬೇಡಿಕೊಳ್ಳುತ್ತಿದ್ದೆ. ಇದ್ದಿದ್ದರೆ ಸೀದಾ ಕೊಪ್ಪಕ್ಕೆ ಹೋಗಿ ಅತ್ತಿಗೆಯ ಕಾಲಬಳಿ ಕೂತು ಹೇಳಬಹುದಿತ್ತು: ಅಣ್ಣ ಬಂದಿದ್ದ, ನನ್ನನ್ನು ಉಳಿಸಿದ, ಸತ್ತ ಮೇಲೂ ನಟ್ಟು ಮರೆಯದವನು ಬದುಕಿದ್ದಾಗ ಮರೆಯುತ್ತಾನೆಯೇ ಎಂದು.

ಒಂದೂ ಅಲುಗಲಿಲ್ಲ. ಇನ್ನೊಂದು ಹಿಂದಿನ ಚಕ್ರ ನೋಡಿದೆ, ಮುಂದಿನವನ್ನು ನೋಡಿದೆ. ಕಲ್ಲಿನ ಹಾಗೆ ಕೂತಿದ್ದವು. ಗೌಡರು ಪಕ್ಕದಲ್ಲಿ ನಿಂತು, ಊಟ ಆರುತ್ತದೆ ಎಂದು ಕರೆಯುತ್ತಲೇ ಇದ್ದರು. ಏನು ಉಂಡೆನೋ ನೆನಪಿಲ್ಲ. ವಾಪಸು ಬರುವಾಗ ದಾರಿಯುದ್ದಕ್ಕೂ ನಿಲ್ಲಿಸಿ ನಿಲ್ಲಿಸಿ ಇಳಿದು ನಟ್ಟು ನೋಡಿದೆ. ಹಿಂದಿನಿಂದ ಬಂದ ಬಸ್ಸಿನವನು ಬೈದುಕೊಂಡು ಹೋದ. ನಟ್ಟುಗಳು ಬಿಗಿಯಾಗೇ ಇದ್ದವು. ಮರುದಿನ ಗ್ಯಾರೇಜಿಗೆ ಕೊಟ್ಟು ಬ್ರೇಕು, ಬೇರಿಂಗು, ಅಡಿಯಲ್ಲಿರುವುದನ್ನೆಲ್ಲ ನೋಡಿಸಿದೆ. ಗಾಡಿ ಚಿನ್ನದ ಹಾಗಿದೆ, ಸುಮ್ಮನೆ ಯಾಕೆ ತಂದಿರಿ ಅಂದರು. ಆ ಕಾರು ಇವತ್ತಿಗೂ ಓಡುತ್ತಿದೆ, ಅದಕ್ಕೆ ಏನೂ ಆಗಿಲ್ಲ.

ಮನೆಯಲ್ಲಿ ಹೇಳಲಿಲ್ಲ. ಅತ್ತಿಗೆಗೂ ಹೇಳಲಿಲ್ಲ. ಸ್ವಲ್ಪ ಯೋಚಿಸಿ, ಒಂದು ಅರ್ಥ ಸಿಕ್ಕಿದ ಮೇಲೆ ಹೇಳೋಣ ಎಂದುಕೊಂಡೆ. ಹಾಗೆ ಯೋಚಿಸುತ್ತ ಕೂತದ್ದೇ ತಪ್ಪಾಯಿತೇನೋ. ಅರ್ಥ ಹುಡುಕಲು ಹೋದವನಿಗೆ ಬೇಡವಾದ ಅರ್ಥವೇ ಸಿಕ್ಕಿತು.

ಕೆಲವು ದಿನಗಳ ಮೇಲೆ ಅಂಗಡಿಯಲ್ಲಿ ಸ್ಟೂಲಿನ ಮೇಲೆ ಕೂತು ಕಾಯಿಲ್ ಸುತ್ತುತ್ತಿದ್ದೆ. ಹರಿಹರಪುರದಿಂದ ಒಬ್ಬ ಗಿರಾಕಿಯ ಫೋನು ಬಂತು. ಬೆಳಿಗ್ಗೆಯೇ ಬರುತ್ತೇನೆಂದು ಹೇಳಿದ್ದೆ. ಎಲ್ಲಿದ್ದೀರಿ, ಹೊರಟ್ರಾ ಎಂದು ಕೇಳಿದರು. “ಹ್ಞೂಂ, ಇದೊಂದು ಮುಗಿಸ್ಕಂಡು ಹೊರಟೆ” ಎಂದೆ. ಫೋನು ಇಟ್ಟೆ. ಕೈಯಲ್ಲಿ ಇನ್ನೂ ತಂತಿ ಇತ್ತು. ಅರ್ಧ ಕಾಯಿಲ್ ಸುತ್ತುವುದು ಬಾಕಿ ಇತ್ತು.

ಹೊರಟೆ. ನಮ್ಮ ಕಡೆ ಫೋನಿನಲ್ಲಿ ಹೊರಟೆ ಎನ್ನುವವನು ಇನ್ನೂ ಬಚ್ಚಲಮನೆಯಲ್ಲಿ ಇರುತ್ತಾನೆ. ಬಂದೆ ಎನ್ನುವವನು ಎರಡು ಮೈಲಿ ಆಚೆ ಇರುತ್ತಾನೆ. ಇದು ಎಲ್ಲರಿಗೂ ಗೊತ್ತು, ಇದನ್ನಿಟ್ಟುಕೊಂಡು ತಮಾಷೆಯನ್ನೂ ಮಾಡುತ್ತೇವೆ. ಆದರೆ ಅಣ್ಣನ ಆ ಕೊನೆಯ ಮಾತನ್ನು ನಾನೂ ಅತ್ತಿಗೆಯೂ ಅಷ್ಟು ವರ್ಷ ಒಂದೇ ರೀತಿಯಲ್ಲಿ ಕೇಳಿಸಿಕೊಂಡಿದ್ದೆವು. ಮರುಬಿಗಿ ಮಾಡ್ಕಂಡು ಹೊರಟೆ. ಮಾಡಿ ಆಯಿತು, ಹೊರಟಿದ್ದೇನೆ ಎಂದು ಅದರ ಅರ್ಥವಾಗಬಹುದು. ಇನ್ನು ಮಾಡಬೇಕು, ಮಾಡಿದ ಕೂಡಲೇ ಹೊರಡುತ್ತೇನೆ ಎಂದೂ ಆಗಬಹುದು. ಮಾತು ಒಂದೇ. ಅವನು ಲಾಡ್ಜಿನ ಎದುರು ಫೋನು ಹಿಡಿದು ನಿಂತಿರುವುದು, ಆ ಸಂಸಾರ ಸಾಮಾನು ತಂದು ಡಿಕ್ಕಿ ತೆಗೆಯಿರಿ ಎಂದು ಅವಸರ ಮಾಡುವುದು, ಗಿರಾಕಿಗಳ ಎದುರಿಗೆ ಸೀಟಿನ ಮೇಲೆ ಗ್ರೀಸಿನ ಕಬ್ಬಿಣ ಚೆನ್ನಾಗಿರುವುದಿಲ್ಲವೆಂದು ಅವನು ಅದನ್ನು ಬಟ್ಟೆಯಲ್ಲಿ ಸುತ್ತಿ ಒಳಗೆ ತಳ್ಳುವುದು, ಮುಂದೆ ಎಲ್ಲಾದರೂ ನಿಲ್ಲಿಸಿ ನೋಡಿದರಾಯಿತು ಎಂದುಕೊಳ್ಳುವುದು, ಎಲ್ಲವೂ ನಾನೇ ಅಲ್ಲಿ ನಿಂತು ನೋಡಿದ ಹಾಗೆ ಕಣ್ಣಿಗೆ ಬಂತು. ಅದು ನಡೆದಿದೆ ಎನ್ನಲು ನನ್ನ ಹತ್ತಿರ ಏನೂ ಆಧಾರವಿಲ್ಲ. ನಡೆದಿಲ್ಲ ಎನ್ನಲು ಇದ್ದ ಆಧಾರವೂ ಅವತ್ತು ಕೈಬಿಟ್ಟುಹೋಯಿತು.

ಸೀಟಿನ ಮೇಲೆ ಸ್ಪ್ಯಾನರು ಇದ್ದರೆ ಅಣ್ಣನ ಲೆಕ್ಕದಲ್ಲಿ ಒಂದೇ ಅರ್ಥ. ಮರುಬಿಗಿ ಬಾಕಿ ಇದೆ. ನನ್ನ ಚಕ್ರದಲ್ಲಿ ಏನೂ ಬಾಕಿ ಇರಲಿಲ್ಲ, ಎಲ್ಲ ನಟ್ಟುಗಳನ್ನೂ ನಾನೇ ಎಳೆದು ನೋಡಿದ್ದೇನೆ. ಹಾಗಾದರೆ ಬಾಕಿ ಇದ್ದದ್ದು ಯಾವ ಗಾಡಿಯದ್ದು? ನನ್ನ ಪರವಾಗಿ ಜಗಳ ಆಡಿದ್ದು ಸಾಕು ಮಾರಾಯ, ನಾನು ಮಾಡಿರಲಿಲ್ಲ ಎಂದು ಹೇಳಲು ಬಂದನೇ? ಹಾಗೆ ಹೇಳುವ ಮನುಷ್ಯನೇ ಅವನು. ತಪ್ಪು ಮಾಡಿದ್ದರೆ ಒಪ್ಪಿಕೊಳ್ಳುವವನು. ಇದನ್ನು ಬರೆಯುವಾಗಲೂ ನನಗೆ ಅವನ ಮೇಲೆ ಕೋಪ ಬರುತ್ತದೆ. ಬಂದವನು ಸತ್ಯ ಹೇಳಲೆಂದೇ ಬಂದಿದ್ದರೂ ಬರಬಾರದಿತ್ತು. ನಮಗೆ ಆ ಸತ್ಯ ಬೇಕಾಗಿರಲಿಲ್ಲ. ಬಂದೇ ಇಲ್ಲ, ಇದೆಲ್ಲ ನನ್ನ ಭ್ರಮೆ ಎನ್ನೋಣವೆಂದರೆ, ಆ ಕಬ್ಬಿಣವನ್ನು ಸೀಟಿನ ಮೇಲಿಂದ ಎತ್ತಿದವನು ನಾನೇ. ಅವತ್ತು ನಟ್ಟು ಎಳೆದು ಎಳೆದು ಬಂದ ಬೊಬ್ಬೆ ವಾರವಾದರೂ ಕೈಯಲ್ಲಿತ್ತು.

ಆ ವರ್ಷವೇ ಶೃಂಗೇರಿಯಲ್ಲಿ ನಮ್ಮ ಸೋದರಮಾವ ಹೊಸ ಮನೆ ಕಟ್ಟಿಸಿದರು. ಗೃಹಪ್ರವೇಶಕ್ಕೆ ಅತ್ತಿಗೆಯನ್ನು ನನ್ನ ಕಾರಿನಲ್ಲೇ ಕರೆದುಕೊಂಡು ಹೋದೆ. ಹೆಂಡತಿಗೆ ಮೈ ಹುಷಾರಿರಲಿಲ್ಲ, ಅವಳು ಬಂದಿರಲಿಲ್ಲ. ಊಟದ ಪಂಕ್ತಿಯಲ್ಲಿ ಮಾವ ನನ್ನ ಎದುರಿಗೆ ಕೂತಿದ್ದರು. ಯಾರೋ ಬೈಕಿನಲ್ಲಿ ಬಿದ್ದ ಸುದ್ದಿ ಬಂತು. ಮಾವ ಸಾರನ್ನ ಕಲಸುತ್ತ ಹೇಳಿದರು: “ಗಾಡಿ ಓಡ್ಸೋರಿಗೆ ಮೈಮೇಲೆ ಜ್ಞಾನ ಬೇಕು. ನಮ್ ನಾಗೇಶನ್ನೇ ನೋಡು. ಒಂದು ಸಲ ನಟ್ಟು ತಿರುಗ್ಸಿ ನೋಡಿದ್ರೆ ಇವತ್ತು ಇಲ್ಲೇ ಕೂತು ಉಣ್ತಿದ್ದ.”

ಪಂಕ್ತಿಯಲ್ಲಿ ಒಂದಿಬ್ಬರು ನನ್ನ ಕಡೆ ನೋಡಿದರು, ಇನ್ನು ಶುರುವಾಗುತ್ತದೆ ಎಂದು. ಮಾವನೂ ನಾಲಿಗೆ ಕಚ್ಚಿಕೊಂಡರು. ಅತ್ತಿಗೆ ಪಾಯಸದ ಪಾತ್ರೆ ಹಿಡಿದು ಬಡಿಸುತ್ತ ಬರುತ್ತಿದ್ದವರು ಅಲ್ಲೇ ನಿಂತರು. ಅವರ ಮುಖದಲ್ಲಿ ಬೇಸರ ಇರಲಿಲ್ಲ. ನಾನು ಉತ್ತರ ಕೊಡುತ್ತೇನೆ ಎಂಬ ಧೈರ್ಯ ಇತ್ತು.

ನಾನು ಮಾತು ತೆಗೆಯಲು ನೋಡಿದೆ. ಸ್ಪ್ಯಾನರು ಬಟ್ಟೆಯೊಳಗೆ ಇತ್ತು ಮಾವ, ಎಂದು ಶುರು ಮಾಡುವುದು ನನಗೆ ಬಾಯಿಪಾಠ. ಆದರೆ ನನ್ನ ಕಣ್ಣೆದುರು ಸೀತೂರಿನ ಅಂಗಳದಲ್ಲಿ ನಿಂತ ಕಾರಿನ ಸೀಟು ಇತ್ತು. ತಲೆ ಬಗ್ಗಿಸಿ ಅನ್ನ ಕಲಸಿದೆ. ಸ್ವಲ್ಪ ಹೊತ್ತಾದ ಮೇಲೆ ಪಾಯಸ ಬಂತು. ಅತ್ತಿಗೆ ನನ್ನ ಎಲೆಗೆ ಬಡಿಸಿದರು. ಮಾವನಿಗೂ ಬಡಿಸಿದರು.

ವಾಪಸು ಬರುವಾಗ ಅತ್ತಿಗೆ ಹರಿಹರಪುರ ದಾಟಿದ ಮೇಲೆ ಕೇಳಿದರು.

“ಮಾವ ಅಂದಿದ್ದು ನಿಂಗೆ ಕೇಳ್ಸಿಲ್ಲನಾ?”

“ಕೇಳ್ತು ಅತ್ತಿಗೆ.”

“ಹಂಗಾರೆ ಎಂತಕ್ಕೆ ಸುಮ್ನೆ ಕೂತೆ?”

ನಾನು ರಸ್ತೆ ನೋಡುತ್ತಿದ್ದೆ. ಅವರು ನನ್ನ ಕಡೆ ತಿರುಗಿದ್ದು ಗೊತ್ತಾಯಿತು.

“ನೀನೂ ಹಂಗೇ ಅಂದ್ಕಂಡ್ಯಾ?” ಅಂದರು.

ಇಲ್ಲ ಎಂದೆ. ಹೇಳುವುದರಲ್ಲಿ ತಡವಾಯಿತು. ಒಂದು ಕ್ಷಣ ತಡವಾಗಿರಬಹುದು, ಅಷ್ಟೇ. ಅತ್ತಿಗೆಗೆ ಅಷ್ಟು ಸಾಕಾಯಿತು. ಕೊಪ್ಪದಲ್ಲಿ ಮನೆಯ ಎದುರು ಇಳಿದು, ಬಾಗಿಲು ಮೆಲ್ಲಗೆ ಹಾಕಿ ಒಳಗೆ ಹೋದರು. ಅವತ್ತಿನಿಂದ ನನ್ನ ಕಾರು ಹತ್ತಿಲ್ಲ. ಎಲ್ಲಿಗಾದರೂ ಹೋಗುವುದಿದ್ದರೆ ಬಸ್ಸು ಇದೆ, ಸುಮ್ನೆ ನಿಂಗ್ಯಾಕೆ ತೊಂದ್ರೆ ಅನ್ನುತ್ತಾರೆ. ಹಬ್ಬಕ್ಕೆ ಮನೆಗೆ ಬರುತ್ತಾರೆ, ನನ್ನ ಹೆಂಡತಿಯ ಜೊತೆ ಚೆನ್ನಾಗಿಯೇ ಇದ್ದಾರೆ. ನನ್ನ ಜೊತೆಗೂ ಕೆಟ್ಟದಾಗಿಲ್ಲ, ಬೇರೆಯವರ ಜೊತೆ ಇರುವ ಹಾಗೆ ಇದ್ದಾರೆ.

ಅವರಿಗೆ ಎಲ್ಲವನ್ನೂ ಹೇಳಿಬಿಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಹೇಳಿದರೆ ನಾನು ಯಾಕೆ ಸುಮ್ಮನಿದ್ದೆ ಎನ್ನುವುದು ಅವರಿಗೆ ಗೊತ್ತಾಗುತ್ತದೆ. ಆದರೆ ಸೀಟಿನ ಮೇಲಿನ ಸ್ಪ್ಯಾನರಿಗೆ ಏನು ಅರ್ಥ ಎಂದು ಅತ್ತಿಗೆಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ನನಗಿಂತ ಹೆಚ್ಚು ಸಲ ಅದನ್ನು ನೋಡಿದವರು ಅವರು. ಒಂದೇ ಒಂದು ಪ್ರಶ್ನೆ ಕೇಳುತ್ತಾರೆ, ನಿನ್ನ ಗಾಡಿಯ ನಟ್ಟು ಸಡಿಲ ಇತ್ತಾ ಎಂದು. ಅದಕ್ಕೆ ನಾನು ಸುಳ್ಳು ಹೇಳಬೇಕು, ಇಲ್ಲವೇ ಅವರ ಗಂಡ ಮರೆತ ಎಂದು ನಾನೇ ಹೇಳಿದ ಹಾಗಾಗಬೇಕು. ಅವರು ಪತ್ರಿಕೆ ಪುಸ್ತಕ ಓದುವವರಲ್ಲ. ಆ ಧೈರ್ಯದ ಮೇಲೇ ಇಲ್ಲಿ ಬರೆದಿದ್ದೇನೆ.

ಅಂದು ಆ ಸ್ಪ್ಯಾನರನ್ನು ಸೀಟಿನ ಮೇಲೆ ಇಟ್ಟವರು ಯಾರು ಎಂದು ನನಗೆ ಗೊತ್ತಿಲ್ಲ. ಅಣ್ಣ ಎನ್ನಲು ನನ್ನ ಬುದ್ಧಿ ಒಪ್ಪುವುದಿಲ್ಲ, ಬೇರೆ ಯಾರು ಎನ್ನಲೂ ತೋಚುವುದಿಲ್ಲ. ಅವನು ಮರುಬಿಗಿ ಮಾಡಿದ್ದನೋ ಇಲ್ಲವೋ ಎನ್ನುವುದೂ ಗೊತ್ತಿಲ್ಲ. ಹೋದ ತಿಂಗಳು ನಮ್ಮದೇ ಬೀದಿಯಲ್ಲಿ ಒಂದು ನಾಮಕರಣ ಇತ್ತು. ಊಟಕ್ಕೆ ಕೂತಾಗ ಯಾರೋ ಮತ್ತೆ ಅದೇ ಮಾತು ತೆಗೆದರು. ಈಗ ಅತ್ತಿಗೆ ಒಬ್ಬರೇ ಜಗಳಕ್ಕೆ ನಿಲ್ಲುತ್ತಾರೆ. ಸ್ಪ್ಯಾನರು ಬಟ್ಟೆಯೊಳಗೆ ಇತ್ತು, ಮರುಬಿಗಿ ಮಾಡಿದೆನೆಂದು ಫೋನಿನಲ್ಲಿ ಅವರೇ ಹೇಳಿದ್ದರು, ಬೋಲ್ಟೇ ತುಂಡಾಗಿರಬೇಕು ಎಂದು ನಾನು ಹೇಳುತ್ತಿದ್ದ ಮಾತುಗಳನ್ನೇ ಒಂದೂ ಬಿಡದೆ ಹೇಳಿದರು. ನಾನು ಅವರ ಪಕ್ಕದ ಎಲೆಯಲ್ಲೇ ಕೂತಿದ್ದೆ.